ಆರಡಿಗಿಂತ ಹತ್ತಿರ

ಜನವರಿ 9

ಲೆನ್ಸ್ ಅಂಗಡಿಯ ಯಜಮಾನರಿಗೆ ನಮಸ್ಕಾರ.

ನಿಮ್ಮಿಂದ ತರಿಸಿಕೊಂಡ ಹಳೆಯ ಜೂಮ್ ಲೆನ್ಸು, ಎಪ್ಪತ್ತರಿಂದ ಇನ್ನೂರ ಹತ್ತು ಮಿಲಿಮೀಟರಿನದು, ಮೊನ್ನೆ ಪಾರ್ಸೆಲ್‌ನಲ್ಲಿ ಬಂತು. ಡಬ್ಬಿಯೊಳಗಿದ್ದ ಚೀಟಿಯನ್ನೂ ಓದಿದೆ. ‘ನನಗೆ ಕಿವಿ ಕೇಳಿಸುವುದಿಲ್ಲ. ಫೋನ್ ಮಾಡಿ ನಿಮ್ಮ ಗಂಟಲು ಹಾಳುಮಾಡಿಕೊಳ್ಳಬೇಡಿ, ಏನಿದ್ದರೂ ಕಾಗದ ಬರೆಯಿರಿ’ ಎಂದಿದ್ದೀರಿ. ಹಾಗಾಗಿ ಬರೆಯುತ್ತಿದ್ದೇನೆ.

ಲೆನ್ಸು ಕೆಲಸ ಮಾಡುವುದಿಲ್ಲ. ನೀವೇ ಕೊಟ್ಟ ಜೋಡಣೆಯ ಬಳೆ ಹಾಕಿ, ಮಗ ಕೊಟ್ಟ ಡಿಜಿಟಲ್ ಕ್ಯಾಮೆರಾಕ್ಕೆ ಸರಿಯಾಗಿ ಕೂರಿಸಿದ್ದೇನೆ. ಗುಂಡಿ ಒತ್ತಿದರೆ ಪರದೆಯ ಮೇಲೆ ‘ನೋ ಲೆನ್ಸ್’ ಎಂದು ಬರುತ್ತದೆ. ಮುಕ್ಕಾಲು ಕೇಜಿ ತೂಕದ್ದು ಮೂತಿಗೆ ನೇತಾಡುತ್ತಿದ್ದರೂ ಅದಕ್ಕೆ ಲೆನ್ಸೇ ಇಲ್ಲವಂತೆ. ಒಂದು ಜೊತೆ ಚಪ್ಪಲಿಯ ಬೆಲೆಗೆ ಲೆನ್ಸು ಸಿಗುತ್ತದೆ ಎಂದಾಗಲೇ ನಾನು ಅನುಮಾನಪಡಬೇಕಿತ್ತು.

ನನಗೆ ಇದು ಬೇಗ ಸರಿಯಾಗಬೇಕು. ದೂರದ ಹಕ್ಕಿಯೊಂದನ್ನು ತೆಗೆಯುವುದಿದೆ.

ಇಂತಿ,
ಲೆನ್ಸ್ ಕೊಂಡವಳು


ಜನವರಿ 16

ಅಮ್ಮಾ, ನಮಸ್ಕಾರ.

ಎಷ್ಟು ವರ್ಷದಿಂದ ಆ ಚೀಟಿ ಇಡುತ್ತಿದ್ದೇನೆ, ನಿಜವಾಗಿ ಕಾಗದ ಬರೆದವರು ನೀವೊಬ್ಬರೇ. ಉಳಿದವರೆಲ್ಲ ಬೈದುಕೊಂಡು ಸುಮ್ಮನಾದರು ಅಂತ ಕಾಣುತ್ತದೆ. ನೀವು ಬೈದು ಕಳಿಸಿದ್ದೀರಿ, ಸಂತೋಷ.

ಲೆನ್ಸಿಗೆ ಏನೂ ಆಗಿಲ್ಲ. ಅದು ನಲವತ್ತು ವರ್ಷದ ಹಿಂದಿನದು. ಅದರಲ್ಲಿ ವಯರಿಲ್ಲ, ಮೋಟರಿಲ್ಲ, ಬರೀ ಗಾಜು ಮತ್ತು ಲೋಹ. ನಿಮ್ಮ ಕ್ಯಾಮೆರಾ ಈ ಕಾಲದ್ದು, ಮಾತಾಡಿಸಿದರೆ ಉತ್ತರ ಕೊಡದವರನ್ನು ಅದು ಇಲ್ಲವೇ ಇಲ್ಲ ಅಂದುಕೊಳ್ಳುತ್ತದೆ. ನನ್ನನ್ನೂ ಜನ ಹಾಗೇ ಅಂದುಕೊಳ್ಳುತ್ತಾರೆ ಬಿಡಿ. ಮೆನುವಿನಲ್ಲಿ ‘ಲೆನ್ಸ್ ಇಲ್ಲದೆ ಚಿತ್ರ ತೆಗೆ’ ಎಂಬರ್ಥದ ಒಂದು ಸಾಲು ಇರುತ್ತದೆ. ಅದನ್ನು ಆನ್ ಮಾಡಿ.

ಇನ್ನು ಇದರ ದಾರಿ ಹೇಳುತ್ತೇನೆ. ಲೆನ್ಸಿನ ಮೈಮೇಲೆ ಅಗಲವಾದ ಒಂದು ಬಳೆ ಇದೆಯಲ್ಲ, ಅದನ್ನು ನಿಮ್ಮ ಕಡೆಗೆ ಎಳೆದರೆ ದೂರದ್ದು ಹತ್ತಿರ ಬರುತ್ತದೆ, ತಿರುಗಿಸಿದರೆ ಸ್ಪಷ್ಟವಾಗುತ್ತದೆ. ಬಳೆಯ ಕೊನೆಯಲ್ಲಿ ಒಂದು ಎಂಟು ಮಲಗಿಕೊಂಡಿದೆ. ಅದು ಎಂಟಲ್ಲ, ಕೊನೆಯೇ ಇಲ್ಲದ ದೂರದ ಗುರುತು. ಅಲ್ಲಿಗೆ ತಿರುಗಿಸಿ, ಆಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ಬನ್ನಿ. ನಿಮ್ಮ ಹಕ್ಕಿ ಅಲ್ಲೇ ಎಲ್ಲೋ ಸಿಗುತ್ತದೆ. ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ: ಆರಡಿಗಿಂತ ಹತ್ತಿರ ಇರುವುದು ಈ ಲೆನ್ಸಿಗೆ ಹಿಡಿಯುವುದಿಲ್ಲ. ಆಮೇಲೆ ಅದಕ್ಕೂ ಒಂದು ಕಾಗದ ಬರೆದು ಬೈಯಬೇಡಿ.

ಯಾವ ಹಕ್ಕಿ? ಬರೆಯಿರಿ.

ಲೆನ್ಸ್ ಅಂಗಡಿಯವ


ಫೆಬ್ರವರಿ 2

ಯಜಮಾನರಿಗೆ,

ನೀವು ಹೇಳಿದ ಹಾಗೆ ಮಾಡಿದೆ. ಚಿತ್ರ ಬಂತು. ನಾನು ನಿಮ್ಮನ್ನು ಅನುಮಾನಿಸಿದ್ದು ತಪ್ಪು, ಒಪ್ಪುತ್ತೇನೆ.

ಈಗ ಇನ್ನೊಂದು ತೊಂದರೆ. ನಾನು ಕೆಲಸ ಮಾಡುವ ಕಟ್ಟಡದ ತಾರಸಿಯಿಂದ ತೆಗೆಯುತ್ತೇನೆ. ಎಂಟನೇ ಮಹಡಿ. ಕ್ಯಾಮೆರಾವನ್ನು ಸ್ವಲ್ಪ ಬಗ್ಗಿಸಿ ಹಿಡಿಯಬೇಕು. ಬಗ್ಗಿಸಿದ ಕೂಡಲೇ ಬಳೆ ತಾನಾಗಿ ಮುಂದಕ್ಕೆ ಜಾರುತ್ತದೆ. ಕಷ್ಟಪಟ್ಟು ಹತ್ತಿರ ತಂದುಕೊಂಡ ಹಕ್ಕಿ ನೋಡನೋಡುತ್ತಿದ್ದಂತೆ ದೂರ ಹೋಗಿಬಿಡುತ್ತದೆ. ದಿನಕ್ಕೆ ನನಗೆ ಸಿಗುವುದು ಐದು ನಿಮಿಷ, ಹನ್ನೊಂದು ಗಂಟೆಯ ಸುಮಾರಿಗೆ. ಅದರಲ್ಲಿ ಮೂರು ನಿಮಿಷ ಬಳೆಯ ಜೊತೆ ಜಗಳವಾಡುವುದರಲ್ಲೇ ಮುಗಿಯುತ್ತದೆ.

ಯಾವ ಹಕ್ಕಿ ಎಂದು ಕೇಳಿದ್ದೀರಿ. ಹೆಸರು ಗೊತ್ತಿಲ್ಲ. ಎರಡು ವರ್ಷದಿಂದ ನಮ್ಮ ಕಟ್ಟಡದ ಎದುರು, ರೈಲು ಹಳಿಗಳ ಆಚೆ ಗೂಡು ಮಾಡಿಕೊಂಡಿದೆ. ಬೇರೆಲ್ಲೂ ಜಾಗ ಸಿಗಲಿಲ್ಲವೇನೋ.


ಫೆಬ್ರವರಿ 8

ಅಮ್ಮಾ,

ಬಳೆ ಜಾರುವುದು ಈ ಜಾತಿಯ ಲೆನ್ಸುಗಳಿಗೆಲ್ಲ ಇರುವ ಚಾಳಿ. ಒಳಗಿನ ಬಟ್ಟೆಯ ಪಟ್ಟಿ ಸವೆದಿರುತ್ತದೆ. ಅದಕ್ಕೆ ವಾಪಸ್ ಕಳಿಸಬೇಕಾಗಿಲ್ಲ. ಸೈಕಲ್ ಟ್ಯೂಬಿನಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಬಳೆಯೂ ಕೊಳವೆಯೂ ಸೇರುವಲ್ಲಿ ಅದನ್ನು ಬಿಗಿಯಾಗಿ ಹಾಕಿ. ಎಳೆದಲ್ಲಿ ನಿಲ್ಲುತ್ತದೆ.

ಆದರೆ ನನಗೊಂದು ಅರ್ಥವಾಗಲಿಲ್ಲ. ಹಕ್ಕಿ ನೋಡುವವರೆಲ್ಲ ಕತ್ತು ನೋಯುವ ಹಾಗೆ ಮೇಲೆ ನೋಡುತ್ತಾರೆ. ನೀವೊಬ್ಬರು ಕೆಳಗೆ ನೋಡುತ್ತೀರಿ. ಅದೂ ಹನ್ನೊಂದು ಗಂಟೆಗೆ ಸರಿಯಾಗಿ ಬರುವ ಹಕ್ಕಿ! ಆಫೀಸಿಗೆ ಹೋಗುತ್ತದೆಯೇ ಅದು?

ತಮಾಷೆ ಮಾಡಿದೆ. ಇಲ್ಲಿ ತಮಾಷೆ ಮಾಡಲು ಯಾರೂ ಇಲ್ಲ. ಭಾನುವಾರ ಪಕ್ಕದ ಟೈಲರ್ ಅಂಗಡಿಗೆ ನನ್ನ ಮಗಳ ಫೋನು ಬರುತ್ತದೆ. ಒಂದು ಸಮುದ್ರ ದಾಟಿ ಆಚೆ ಇದ್ದಾಳೆ. ಅರ್ಧ ಗಂಟೆ ಮಾತು. ಉಳಿದ ಆರು ದಿನ ನಾನು ಮತ್ತು ಈ ಗಾಜುಗಳು.

ನೋಡು ತಂಗೀ, ಹಕ್ಕಿ ಯಾವುದೇ ಇರಲಿ, ಉಸಿರು ಬಿಗಿಹಿಡಿದು ಗುಂಡಿ ಒತ್ತು. ಇಷ್ಟು ಉದ್ದದ ಲೆನ್ಸಿಗೆ ಎದೆ ಬಡಿತವೂ ಅಲುಗಾಟವೇ.


ಮಾರ್ಚ್ 20

ಅಮ್ಮನವರಿಗೆ ನಮಸ್ಕಾರಗಳು.

ಆರು ವಾರವಾಯಿತು, ನಿಮ್ಮ ಕಾಗದವಿಲ್ಲ. ರಬ್ಬರ್ ಪಟ್ಟಿ ಹಿಡಿಯಲಿಲ್ಲವೋ ಅಥವಾ ನನ್ನ ನಾಲಿಗೆ ಹೆಚ್ಚಾಯಿತೋ ಎಂದು ಯೋಚಿಸುತ್ತಿದ್ದೇನೆ. ನನ್ನ ಕಾಗದದ ನಕಲು ನನ್ನಲ್ಲಿಲ್ಲ. ಆದರೆ ಕೊನೆಯಲ್ಲಿ ‘ತಂಗೀ’ ಎಂದು ಬರೆದು, ಏಕವಚನದಲ್ಲೂ ಮಾತಾಡಿದ ನೆನಪಿದೆ. ಗುರುತು ಪರಿಚಯವಿಲ್ಲದ ಹೆಣ್ಣುಮಗಳಿಗೆ ಹಾಗೆ ಬರೆಯಬಾರದಿತ್ತು. ಕೈ ತಾನಾಗಿ ಬರೆಯಿತು. ತಪ್ಪಾಯಿತು.

ಲೆನ್ಸಿನ ವಿಷಯಕ್ಕಾದರೂ ಒಂದು ಸಾಲು ಬರೆಯಿರಿ.


ಮಾರ್ಚ್ 27

ಯಜಮಾನರಿಗೆ,

ನೀವು ಹಾಗೆ ಕರೆದದ್ದಕ್ಕೆ ಬೇಸರವಿಲ್ಲ. ಬೇರೆ ಕಾರಣ. ಅದನ್ನು ಬಿಡಿ.

ಲೆನ್ಸನ್ನು ವಾಪಸ್ ಕಳಿಸುತ್ತಿದ್ದೇನೆ. ಒಳಗೆ ಬಿಳಿ ಪೊರೆ ಕಟ್ಟಿದೆ. ಹಳೆಯ ಲೆನ್ಸುಗಳಲ್ಲಿ ಬೂಷ್ಟು ಬೆಳೆಯುತ್ತದೆ ಎಂದು ಎಲ್ಲೋ ಓದಿದ್ದೆ. ಪಟ್ಟಿ ಹಾಕಿದ ಮೇಲೆ ಚಿತ್ರಗಳು ಅಲುಗದೆ ಬಂದವು, ಆದರೆ ಎಲ್ಲದರಲ್ಲೂ ತಲೆಯ ಭಾಗ ಬೆಳ್ಳಗೆ ಬಂದಿದೆ. ಅದು ಬೆಳ್ಳಗಿಲ್ಲ. ಕಪ್ಪು, ಹೊಳೆಯುವ ಕಪ್ಪು. ನನಗೆ ಚೆನ್ನಾಗಿ ಗೊತ್ತು. ಎಂಥ ಪೊರೆ ಎಂದು ನಿಮಗೆ ತಿಳಿಯಲೆಂದು ಐದು ಚಿತ್ರ ದೊಡ್ಡದಾಗಿ ಹಾಕಿಸಿ ಇಟ್ಟಿದ್ದೇನೆ. ಪೊರೆ ನೋಡಿಕೊಂಡು ಚಿತ್ರಗಳನ್ನು ಹರಿದು ಹಾಕಿ.

ಬಿಚ್ಚಿ, ಒರೆಸಿ, ಬೇಗ ಕಳಿಸಿ.


ಏಪ್ರಿಲ್ 10

ಅಮ್ಮಾ,

ಪಾರ್ಸೆಲ್ ಬಂದ ದಿನವೇ ಲೆನ್ಸು ಬಿಚ್ಚಿದೆ. ಮೊದಲು ಚಿತ್ರ ನೋಡಲಿಲ್ಲ. ರೋಗಿಯ ಮಾತು ಕೇಳುವ ಮುಂಚೆ ನಾಡಿ ನೋಡುವ ಅಭ್ಯಾಸ ನನ್ನದು. ಗಾಜುಗಳನ್ನು ಒಂದೊಂದಾಗಿ ತೆಗೆದು ಬೆಳಕಿಗೆ ಹಿಡಿದೆ. ಬೂಷ್ಟಿಲ್ಲ. ಪೊರೆಯಿಲ್ಲ. ಎರಡು ಚುಕ್ಕೆ ಧೂಳಿತ್ತು, ಅದು ಯಾವ ಚಿತ್ರದಲ್ಲೂ ಕಾಣಿಸುವಂಥದ್ದಲ್ಲ. ಆದರೂ ನಿಮ್ಮ ಮಾತಿಗೆ ಬೆಲೆ ಕೊಟ್ಟು ಎಲ್ಲವನ್ನೂ ಒರೆಸಿ, ಮತ್ತೆ ಜೋಡಿಸಿ, ಎದುರು ಗೋಡೆಯ ಕ್ಯಾಲೆಂಡರಿನ ಚಿತ್ರ ತೆಗೆದು ನೋಡಿದೆ. ಕಪ್ಪು ಕಪ್ಪಾಗಿಯೇ ಬಂತು.

ಆಮೇಲೆ ನಿಮ್ಮ ಚಿತ್ರಗಳನ್ನು ಭೂತಗನ್ನಡಿ ಇಟ್ಟು ನೋಡಿದೆ.

ಹೇಗೆ ಹೇಳಲಿ? ಪೊರೆಯಿದ್ದರೆ ಇಡೀ ಚಿತ್ರ ಮಂಕಾಗುತ್ತದೆ, ತಲೆಯೊಂದೇ ಅಲ್ಲ. ಬಾಲ್ಕನಿಯ ಕಂಬಿ ಕಪ್ಪಾಗಿದೆ. ಹೂಕುಂಡದ ನೆರಳು ಕಪ್ಪಾಗಿದೆ. ಬೆಳ್ಳಗಿರುವುದು ಆ ಹೆಣ್ಣುಮಗಳ ಕೂದಲು ಮಾತ್ರ. ಚಿತ್ರದಲ್ಲಿರುವ ಬಿಳುಪು ನನ್ನ ಲೆನ್ಸಿನದಲ್ಲಮ್ಮ. ಅದು ಅಲ್ಲೇ ಇದೆ.

ನಿಮ್ಮ ಹಕ್ಕಿ ಯಾರೆಂದು ನಾನು ಕೇಳುವುದಿಲ್ಲ. ಚಿತ್ರಗಳನ್ನು ಹರಿಯಲು ಮನಸ್ಸಾಗಲಿಲ್ಲ. ಡ್ರಾಯರಿನಲ್ಲಿ ಮಗುಚಿ ಇಟ್ಟಿದ್ದೇನೆ. ಲೆನ್ಸನ್ನು ಇದರ ಜೊತೆ ಕಳಿಸಿದ್ದೇನೆ.


ಏಪ್ರಿಲ್ 18

ಯಜಮಾನರೇ,

ಅವಳು ನನ್ನ ಅಕ್ಕ.

ನಿಮ್ಮ ಕಾಗದವನ್ನು ತಾರಸಿಯಲ್ಲಿ, ಒಣಗುತ್ತಿದ್ದ ಹಾಸುಬಟ್ಟೆಗಳ ನಡುವೆ ನಿಂತು ಓದಿದೆ. ನಾನು ಒಂದು ಹೋಟೆಲಿನಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದೇನೆ. ದಿನಕ್ಕೆ ನೂರಿಪ್ಪತ್ತು ಹಾಸುಬಟ್ಟೆ. ಅವುಗಳ ಮರೆಯಲ್ಲಿ ಕೂತು ಅತ್ತರೆ ಯಾರಿಗೂ ಕಾಣಿಸುವುದಿಲ್ಲ, ಅದೊಂದು ಅನುಕೂಲ.

ನಾನು ಕೊನೆಯ ಸಲ ನೋಡಿದಾಗ ಅವಳ ಜಡೆ ಸೊಂಟದವರೆಗಿತ್ತು. ಒಂದು ಬಿಳಿ ಕೂದಲಿರಲಿಲ್ಲ. ಅದಾಗಿ ಹನ್ನೊಂದು ವರ್ಷ. ಅಮ್ಮ ಹಾಸಿಗೆ ಹಿಡಿದಾಗ ನಾನು ಬಸುರಿ, ಬಾಣಂತಿ ಎಂಬಂಥ ನೆಪವೇನೂ ಇರಲಿಲ್ಲ. ಸುಮ್ಮನೆ ದೂರದಲ್ಲಿದ್ದೆ, ಬೇರೊಂದು ಹೋಟೆಲಿನಲ್ಲಿ ಹೊಸದಾಗಿ ಸೇರಿದ್ದೆ. ವಾರಕ್ಕೊಮ್ಮೆ ಫೋನ್ ಮಾಡಿ ಕೇಳುತ್ತಿದ್ದೆ. ಅಕ್ಕ ಪ್ರತಿ ಸಲವೂ ‘ಅಮ್ಮ ಚೆನ್ನಾಗಿದ್ದಾಳೆ ಕಣೇ, ನೀನು ಕೆಲಸ ನೋಡ್ಕೋ’ ಅನ್ನುತ್ತಿದ್ದಳು. ನಾಲ್ಕು ತಿಂಗಳು ಹಾಗೇ ಅಂದಳು. ನಾನು ಬಂದಾಗ ಎಲ್ಲ ಮುಗಿದಿತ್ತು. ಅಮ್ಮನೇ ಹೇಳಬೇಡ ಅಂದಿದ್ದಳಂತೆ. ಇರಬಹುದು. ಬಾಗಿಲಲ್ಲಿ ನಿಂತು, ಎಲ್ಲರ ಎದುರಿಗೆ, ‘ಇನ್ನು ಸಾಯೋವರೆಗೂ ನಿನ್ನ ಮುಖ ನೋಡಲ್ಲ’ ಅಂದೆ. ಅವಳು ‘ಆಯ್ತು’ ಅಂದಳು. ಅಷ್ಟೇ.

ಎರಡು ವರ್ಷದ ಹಿಂದೆ ಅವಳು ಎದುರಿನ ಕಟ್ಟಡದ ಮೂರನೇ ಮಹಡಿಗೆ ಬಂದಳು. ಬರಿಗಣ್ಣಿಗೆ ಬೆರಳುದ್ದ ಕಾಣುತ್ತಾಳೆ, ಆದರೂ ನಡಿಗೆ ನೋಡಿದ ಕೂಡಲೇ ತಿಳಿಯಿತು. ಇಷ್ಟು ದೊಡ್ಡ ಊರಿನಲ್ಲಿ ನನ್ನ ಕಣ್ಣೆದುರೇ ಬಂದು ಕೂರಬೇಕೇ ಎಂದು ಮೈ ಉರಿಯಿತು. ಉರಿಯುತ್ತಲೇ ದಿನಾ ನೋಡಿದೆ. ಆಮೇಲೆ ನಿಮ್ಮ ಲೆನ್ಸಿನ ಜಾಹೀರಾತು ನೋಡಿದೆ. ಮುಖ ನೋಡುವುದಿಲ್ಲ ಎಂದಿದ್ದೇನೆ ನಿಜ, ಆದರೆ ಲೆನ್ಸಿನಲ್ಲಿ ನೋಡಿದರೆ ನೋಡಿದಂತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಡುವೆ ಗಾಜಿದೆಯಲ್ಲ. ನಗಬೇಡಿ.

ಹನ್ನೊಂದು ವರ್ಷದಿಂದ ನನ್ನನ್ನು ಯಾರೂ ‘ತಂಗೀ’ ಎಂದು ಕರೆದಿರಲಿಲ್ಲ. ನಿಮ್ಮ ಕಾಗದದಲ್ಲಿ ಆ ಪದ ನೋಡಿ ಮುಂದೆ ಏನು ಬರೆಯಬೇಕೆಂದು ತಿಳಿಯಲಿಲ್ಲ.

ಈಗ ಇನ್ನೊಂದು ಭಯ ಹಿಡಿದಿದೆ. ಅವಳು ಪ್ರತಿದಿನ ಒಂದೇ ಹಸಿರು ಹೊದಿಕೆ ಒಣಹಾಕುತ್ತಾಳೆ. ದಿನಾ ಹೊದಿಕೆ ಒಗೆಯುವ ಮನೆಯಲ್ಲಿ ಹಾಸಿಗೆ ಹಿಡಿದವರು ಇರುತ್ತಾರೆ. ಅದು ನನ್ನ ಕಸುಬು, ನನಗೆ ಗೊತ್ತು. ಅವಳಿಗೇ ಏನೋ ಆಗಿದೆ. ಈ ಸಲವೂ ಯಾರೂ ನನಗೆ ಹೇಳುವುದಿಲ್ಲ. ಹೋಗಿ ಬಾಗಿಲು ತಟ್ಟೋಣ ಅನ್ನಿಸುತ್ತದೆ. ‘ಮುಖ ನೋಡಲ್ಲ ಅಂದವಳು ಯಾಕೆ ಬಂದೆ’ ಎಂದರೆ ಏನು ಹೇಳಲಿ?


ಏಪ್ರಿಲ್ 24

ತಂಗೀ,

ಇನ್ನು ಹೀಗೇ ಕರೆಯುತ್ತೇನೆ. ಬೇಡವೆಂದರೆ ಬರೆ.

ಮೊದಲನೆಯದು. ಆ ಲೆನ್ಸಿನೊಳಗೆ ಹನ್ನೆರಡು ಗಾಜುಗಳಿವೆ. ಹನ್ನೆರಡನ್ನೂ ಈ ಕೈಯಿಂದ ಒರೆಸಿದ್ದೇನೆ. ಹನ್ನೆರಡು ಗಾಜು ಅಡ್ಡ ಇಟ್ಟುಕೊಂಡು ನೋಡಿದರೂ ನೋಡಿದ್ದು ನೋಡಿದ್ದೇ. ನಿನ್ನ ಮಾತು ಜನವರಿಯಲ್ಲೇ ಮುರಿದಿದೆ, ಈಗ ಅದನ್ನು ಕಾಪಾಡಿಕೊಂಡು ಕೂರುವುದರಲ್ಲಿ ಅರ್ಥವಿಲ್ಲ.

ಎರಡನೆಯದು ಮುಖ್ಯ. ನಿನ್ನ ಕಾಗದ ಓದಿ ಡ್ರಾಯರಿನಿಂದ ಚಿತ್ರ ತೆಗೆದು ಮತ್ತೆ ನೋಡಿದೆ. ಐದು ಚಿತ್ರ, ಐದು ಬೇರೆ ಬೇರೆ ತಾರೀಕು, ಮೂಲೆಯಲ್ಲಿ ನಿನ್ನ ಕ್ಯಾಮೆರಾವೇ ಹಾಕಿದೆ. ಎಲ್ಲವೂ ಹನ್ನೊಂದರ ಆಸುಪಾಸು. ಐದರಲ್ಲೂ ಹಸಿರು ಹೊದಿಕೆ. ಸರಿ. ಆದರೆ ತಂಗೀ, ಅವಳು ಅದನ್ನು ಹಗ್ಗಕ್ಕೆ ಹಾಕುತ್ತಿರುವಾಗಲೇ ನೀನು ತೆಗೆದ ಎರಡು ಚಿತ್ರಗಳಿವೆ. ಅವುಗಳಲ್ಲಿ ಹೊದಿಕೆಯ ಮೇಲೆ ಮಡಿಕೆಯ ಗೆರೆ ಕಾಣುತ್ತದೆ, ಪೆಟ್ಟಿಗೆಯಿಂದ ತೆಗೆದಂತೆ, ನಾಲ್ಕು ಮಡಿಕೆ. ಕೆಳಗಿನ ಅಂಚು ಗಾಳಿಗೆ ಹಾರುತ್ತಿದೆ. ನೆಲದಲ್ಲಿ ಒಂದು ಹನಿ ನೀರಿಲ್ಲ. ಪಕ್ಕದಲ್ಲಿ ಬಕೆಟ್ಟೂ ಇಲ್ಲ. ನಾನು ಗಾಜು ಒರೆಸುವವನು, ಬಟ್ಟೆ ಒಗೆಯುವವನಲ್ಲ. ನೀನೇ ಹೇಳು, ಒದ್ದೆ ಹೊದಿಕೆ ಹಾಗೆ ಹಾರುತ್ತದೆಯೇ?

ಅದು ಒಣಗಿದ ಹೊದಿಕೆ. ಒಣಗಿದ್ದನ್ನು ದಿನಾ ತಂದು ಒಣಹಾಕುತ್ತಾಳೆ ನಿನ್ನಕ್ಕ. ಒಂದು ಮೂಲೆಗೆ ಹಳದಿ ತೇಪೆ ಇದೆ. ಬೇರೆ ಯಾರೇ ಆದರೂ ತೇಪೆಯನ್ನು ಒಳಗೆ ಮಾಡಿ ಹಾಕುತ್ತಾರೆ. ಇವಳು ಐದು ದಿನವೂ ಅದನ್ನು ನಿನ್ನ ತಾರಸಿಯ ಕಡೆಗೆ ಮಾಡಿದ್ದಾಳೆ.

ಇಷ್ಟು ಹೇಳಿದ ಮೇಲೆ ನನ್ನದೂ ಒಂದು ಹೇಳದಿದ್ದರೆ ನ್ಯಾಯವಲ್ಲ. ಭಾನುವಾರ ಮಗಳ ಫೋನಿನಲ್ಲಿ ಅರ್ಧ ಗಂಟೆ ಮಾತು ಎಂದು ಬರೆದಿದ್ದೆ. ನನಗೆ ಅದರಲ್ಲಿ ಒಂದಕ್ಷರವೂ ಕೇಳಿಸುವುದಿಲ್ಲ. ಕಿವಿಯಲ್ಲಿ ಬರೀ ಗುಂಯ್ ಅನ್ನುತ್ತದೆ. ಅವಳು ನಿಲ್ಲಿಸಿದಾಗ ‘ಹೂಂ ಮಗಳೇ’ ಅನ್ನುತ್ತೇನೆ, ಮತ್ತೆ ಗುಂಯ್. ನಾಲ್ಕು ವರ್ಷವಾಯಿತು. ಸುಮ್ಮನೆ ಅವಳ ನೆಮ್ಮದಿ ಯಾಕೆ ಕೆಡಿಸಬೇಕು ಎಂದು ‘ನಾನು ಚೆನ್ನಾಗಿದ್ದೇನೆ’ ಎನ್ನುತ್ತೇನೆ. ನಿನ್ನ ಕಾಗದ ಓದಿದ ಮೇಲೆ ಆ ಮಾತು ಇನ್ನು ಆಡಲಾರೆ ಅನ್ನಿಸಿದೆ.


ಮೇ 12

ಅಣ್ಣಾ,

ಲೆನ್ಸು ಕೆಟ್ಟಿದೆ. ಅದನ್ನು ಕೊನೆಯಲ್ಲಿ ಬರೆಯುತ್ತೇನೆ.

ಆ ತೇಪೆ ನನ್ನ ಹಳದಿ ಲಂಗದ ತುಂಡು. ಅಮ್ಮ ಹಾಕಿದ್ದು. ನಾವಿಬ್ಬರೂ ಚಿಕ್ಕವರಿದ್ದಾಗ ಹೊದ್ದು ಮಲಗುತ್ತಿದ್ದ ಹೊದಿಕೆ ಅದು. ನಿದ್ದೆಯಲ್ಲಿ ನಾನೇ ಎಳೆದು ಹರಿದಿದ್ದೆ. ಚಿತ್ರಗಳನ್ನು ಕೈಯಲ್ಲಿ ಹಿಡಿದು ಎಷ್ಟು ಸಲ ನೋಡಿದ್ದೆನೋ, ಒಮ್ಮೆಯೂ ಅದು ಕಣ್ಣಿಗೆ ಬೀಳಲಿಲ್ಲ. ಮುಖ ಬಿಟ್ಟು ಬೇರೇನನ್ನೂ ನಾನು ನೋಡಿರಲೇ ಇಲ್ಲ. ಇಪ್ಪತ್ತು ವರ್ಷ ಬಟ್ಟೆ ಒಗೆದವಳಿಗೆ ಒದ್ದೆ ಯಾವುದು ಒಣಗಿದ್ದು ಯಾವುದು ಎಂದು ಗಾಜು ಒರೆಸುವವರು ಹೇಳಬೇಕಾಯಿತು.

ನಿಮ್ಮ ಕಾಗದ ಬಂದ ಮೇಲೂ ಒಂದು ವಾರ ಹೋಗಲಿಲ್ಲ. ದಿನಾ ನೋಡಿದೆ, ದಿನಾ ಹೊದಿಕೆ ಬಂತು. ಎಂಟನೆಯ ದಿನ ಊಟದ ಬಿಡುವಿನಲ್ಲಿ ಹಳಿಗಳ ಮೇಲಿನ ಕಾಲುಸೇತುವೆ ದಾಟಿದೆ. ಕ್ಯಾಮೆರಾ ಹೆಗಲಲ್ಲೇ ಇತ್ತು, ಬಿಟ್ಟು ಬರಲು ತೋಚಲಿಲ್ಲ. ಮೂರು ಮಹಡಿ ಹತ್ತಿ ಬಾಗಿಲೆದುರು ನಿಂತು, ನೀವು ಹೇಳಿಕೊಟ್ಟ ಹಾಗೆ ಉಸಿರು ಬಿಗಿಹಿಡಿದು ಕರೆಗಂಟೆಯ ಗುಂಡಿ ಒತ್ತಿದೆ.

ಅವಳು ಬಾಗಿಲು ತೆಗೆದಳು. ಕನ್ನಡಕ ಬಂದಿದೆ. ಕೂದಲು ನಿಜವಾಗಿಯೂ ಬೆಳ್ಳಗಿದೆ, ನಿಮ್ಮ ಲೆನ್ಸಿನದೇನೂ ತಪ್ಪಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಎಷ್ಟು ಇಳಿದುಹೋಗಿದೀಯೇ’ ಅಂದಳು. ನಾನು ‘ಯಾರಿಗೆ ಹುಷಾರಿಲ್ಲ?’ ಅಂದೆ. ‘ಯಾರಿಗೂ ಏನಿಲ್ಲ. ಒಳಗೆ ಬಾ, ಗಾಳಿಗೆ ಬಾಗಿಲು ಬಡ್ಕೊಳ್ಳತ್ತೆ’ ಅಂದಳು.

ನಾನು ಈ ಹೋಟೆಲಿನಲ್ಲಿ ಕೆಲಸ ಮಾಡುತ್ತೇನೆಂದು ಅವಳಿಗೆ ಯಾರೋ ಹೇಳಿದ್ದರಂತೆ. ತಾರಸಿಯಲ್ಲಿ ಆರು ಜನ ಹೆಂಗಸರು ಬಟ್ಟೆ ಹಾಕುತ್ತೇವೆ. ಅಷ್ಟು ದೂರದಿಂದ ನಾನು ಯಾರೆಂದು ಹೇಗೆ ತಿಳಿಯಿತು ಎಂದು ಕೇಳಿದೆ. ‘ಹಗ್ಗಕ್ಕೆ ಹಾಕೋ ಮುಂಚೆ ಎರಡು ಸಲ ಕೊಡವ್ತೀಯಲ್ಲ, ಅಮ್ಮನ ಹಾಗೆ. ಬೇರೆಯವರೆಲ್ಲ ಒಂದೇ ಸಲ’ ಅಂದಳು. ಈ ಮನೆ ಬಾಡಿಗೆಗೆ ಹಿಡಿದದ್ದೂ ಬಾಲ್ಕನಿ ನೋಡಿಯೇ. ‘ಎರಡು ವರ್ಷ ಕಾದೆಯಾ? ಒಂದು ಸಲ ಬಂದು ಕರೆಯೋಕೆ ಏನಾಗಿತ್ತು ನಿನಗೆ?’ ಎಂದು ಜೋರು ಮಾಡಿದೆ. ಅವಳು ಹೊದಿಕೆ ಮಡಿಸುತ್ತಾ ಅಂದಳು: ‘ಮುಖ ನೋಡಲ್ಲ ಅಂದಿದ್ದೆ ನೀನು. ಬಟ್ಟೆ ನೋಡಲ್ಲ ಅಂದಿರಲಿಲ್ಲವಲ್ಲ.’

ಅಮ್ಮನ ವಿಷಯ ಆಡಲಿಲ್ಲ. ಆಡುತ್ತೇವೋ ಇಲ್ಲವೋ ಗೊತ್ತಿಲ್ಲ. ಆ ನಾಲ್ಕು ತಿಂಗಳ ಸಿಟ್ಟು ಇನ್ನೂ ಇದೆ, ಎಲ್ಲಿ ಇಡಬೇಕೆಂದು ತಿಳಿಯುತ್ತಿಲ್ಲ. ಆದರೆ ಹನ್ನೊಂದು ವರ್ಷ ಅವಳಿಲ್ಲದೆ ಇದ್ದೆನಲ್ಲ, ಅದರ ಸಂಕಟ ಅದಕ್ಕಿಂತ ದೊಡ್ಡದು. ಅಣ್ಣಾ, ನಿಮ್ಮ ಮಗಳಿಗೆ ನಿಜ ಬರೆಯಿರಿ. ಒಂದು ದಿನ ಅವಳಿಗೆ ಬೇರೆ ಯಾರಿಂದಲೋ ಗೊತ್ತಾಗುವ ಮುಂಚೆ ಬರೆಯಿರಿ. ನಾನು ಆ ಮಗಳ ಜಾಗದಲ್ಲಿ ನಿಂತವಳು, ಅದಕ್ಕೆ ಹೇಳುತ್ತಿದ್ದೇನೆ.

ಈಗ ಲೆನ್ಸಿನ ದೂರು. ಮೇಜಿನ ಆಚೆ ಅಕ್ಕ ಕೂತಿದ್ದಳು, ಈಚೆ ನಾನು, ನಡುವೆ ಎರಡು ಲೋಟ ಚಹಾ. ಕ್ಯಾಮೆರಾ ಎತ್ತಿದೆ. ಎಳೆದೆ, ತಿರುಗಿಸಿದೆ, ಮಲಗಿದ ಎಂಟಿನಿಂದ ಈ ತುದಿಯವರೆಗೂ ತಿರುಗಿಸಿದೆ. ಅಕ್ಕ ಸ್ಪಷ್ಟವಾಗಲೇ ಇಲ್ಲ. ಬರೀ ಬಿಳಿ ಮಸುಕು. ‘ಸ್ವಲ್ಪ ಹಿಂದೆ ಸರಿಯೇ, ಹಿಡೀತಿಲ್ಲ’ ಎಂದೆ.

‘ಇನ್ನೂ ಎಷ್ಟು ಸರೀಲಿ?’ ಅಂದಳು.

ಕ್ಯಾಮೆರಾ ಕೆಳಗಿಟ್ಟೆ.

ನಿಮ್ಮ ತಂಗಿ


ಮೇ 19

ತಂಗೀ,

ಆರಡಿಯ ಮಾತು ಮೊದಲನೆಯ ಕಾಗದದಲ್ಲೇ ಹೇಳಿದ್ದೆ, ಬೈಯಬೇಡ ಎಂದೂ ಹೇಳಿದ್ದೆ. ನೀನು ಬರೆದಿರುವ ದೋಷಕ್ಕೆ ನನ್ನಲ್ಲಿ ರಿಪೇರಿ ಇಲ್ಲ. ಹಾಗೇ ಇರಲಿ ಬಿಡು.

ಅಕ್ಕನಿಗೆ ನನ್ನ ನಮಸ್ಕಾರ ಹೇಳು. ಐದು ಚಿತ್ರಗಳನ್ನೂ ಇದರ ಜೊತೆ ಕಳಿಸುತ್ತಿದ್ದೇನೆ, ಅವಳಿಗೆ ತೋರಿಸು. ನಿಜ ಹೇಳಬೇಕೆಂದರೆ ಒಂದನ್ನು ಇಟ್ಟುಕೊಂಡಿದ್ದೇನೆ, ಹೊದಿಕೆ ಗಾಳಿಗೆ ಹಾರುತ್ತಿರುವುದನ್ನು. ನಾಲ್ಕೇ ಇವೆ ಎಂದು ಎಣಿಸಿ ಇನ್ನೊಂದು ದೂರು ಬರೆಯಬೇಡ. ಅಥವಾ ಬರೆ. ಇನ್ನು ನಿನಗೆ ಲೆನ್ಸಿನ ಕೆಲಸವೇ ಇಲ್ಲ, ದೂರುಗಳೂ ನಿಲ್ಲುತ್ತವೆ ಎಂದು ನೆನೆದರೆ ಮನಸ್ಸಿಗೆ ಒಂಥರಾ ಆಗುತ್ತದೆ.

ನಿನಗೆ ಹಿಂದಿನ ಕಾಗದ ಹಾಕಿದ ಮಾರನೆಯ ದಿನವೇ, ನಿನ್ನ ಈ ಕಾಗದ ಬರುವ ಮುಂಚೆಯೇ, ಮಗಳಿಗೆ ಬರೆದೆ. ನಾಲ್ಕು ಹಾಳೆ ಹರಿದು ಐದನೆಯದರಲ್ಲಿ ಎರಡೇ ಸಾಲು ಬರೆದೆ. ‘ಮಗಳೇ, ನಾಲ್ಕು ವರ್ಷದಿಂದ ನೀನು ಆಡಿದ್ದು ನನಗೆ ಏನೂ ಕೇಳಿಸಿಲ್ಲ. ಅದನ್ನೆಲ್ಲ ಮೊದಲಿಂದ ಬರೆದು ಕಳಿಸು.’

ಅದು ಅವಳಿಗೆ ತಲುಪಿರಬೇಕು, ಈಚೆಗೆ ಎರಡು ಭಾನುವಾರ ಕಳೆದವು. ಟೈಲರ್ ಅಂಗಡಿಗೆ ಫೋನು ಬರಲಿಲ್ಲ. ಸಿಟ್ಟಾಗಿದ್ದಾಳೋ, ಬರೆಯುತ್ತಿದ್ದಾಳೋ ತಿಳಿಯದು. ನಾಲ್ಕು ವರ್ಷದ ಮಾತು ಬರೆಯಲು ಹೊತ್ತು ಬೇಕಲ್ಲ ಎಂದು ಟೈಲರ್ ನನ್ನ ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಿದ.

ಅಂಚೆಯವನು ಹನ್ನೊಂದು ಗಂಟೆಗೆ ಬರುತ್ತಾನೆ. ನಾನು ಹತ್ತೂವರೆಗೇ ಬಂದು ಬಾಗಿಲಲ್ಲಿ ನಿಂತಿರುತ್ತೇನೆ. ಬೀದಿಯ ಆ ತುದಿಯಲ್ಲಿ ಅವನ ಸೈಕಲ್ ತಿರುಗುವಾಗ, ಚೀಲ ಎಷ್ಟು ದಪ್ಪ ಇದೆ ಎಂದು ಒಂದು ಲೆನ್ಸು ಹಿಡಿದು ನೋಡುತ್ತೇನೆ.